ಓಡಿ ನಿಂತ ಮೇಲೆ ಮತ್ತೆ ಹೊರಡದ ಮೋಟಾರು ಗಾಡಿ

ಮುಂಜಾನೆಯ ತಂಪಿನಲ್ಲಿ ಬೀಗದಕೈಯನ್ನು ಒಮ್ಮೆ ತಿರುಗಿಸಿದೊಡನೆಯೇ ಹೊರಡುವ ಮೋಟಾರು ಗಾಡಿಯು, ಮೂವತ್ತು ಕಿಲೋಮೀಟರು ಓಡಿ, ಸಂತೆಯ ಬೀದಿಯಲ್ಲಿಯೋ ತಾಲ್ಲೂಕು ಕಛೇರಿಯ ಮುಂದೆಯೋ ಕಾಲು ಘಂಟೆ ನಿಂತ ಮೇಲೆ ಎಷ್ಟು ತಿರುಗಿಸಿದರೂ ಹೊರಡದೆ ಹಠಮಾಡುವುದು ಅನೇಕ ಭೂಮಾಲೀಕರ ಅನುಭವಕ್ಕೆ ಬಂದಿರುವ ಸಂಗತಿಯಾಗಿದೆ. ಒಂದು ಘಂಟೆ ಬಿಟ್ಟು ನೋಡಿದರೆ ಅದೇ ಗಾಡಿಯು ಏನೂ ಆಗಿಲ್ಲವೆಂಬಂತೆ ಹೊರಡುವುದು. ಮೇಸ್ತ್ರಿಗಳ ಬಳಿಗೆ ಒಯ್ದರೆ ಅವರ ಕಣ್ಣಿಗೆ ದೋಷವು ಬೀಳುವುದಿಲ್ಲ. ಬಿಟ್ಟು ಬಿಟ್ಟು ಬರುವ ಚಳಿಜ್ವರದ ರೋಗಿಯನ್ನು ಜ್ವರವಿಲ್ಲದ ದಿನ ವೈದ್ಯರಿಗೆ ತೋರಿಸಿದಂತಾಗುವುದು. ಆದಕಾರಣ ಈ ದೋಷವನ್ನು ಪತ್ತೆಮಾಡತಕ್ಕವರು ಬಹುಮಟ್ಟಿಗೆ ಗಾಡಿಯ ಯಜಮಾನರೇ ಹೊರತು ಮೇಸ್ತ್ರಿಗಳಲ್ಲ. ಅದೂ ಗಾಡಿಯು ಬಿಸಿಯಾಗಿದ್ದು ಹೊರಡದೆ ನಿಂತಿರುವ ಆ ಸ್ವಲ್ಪ ಹೊತ್ತಿನೊಳಗೇ. ಆ ಹೊತ್ತಿನಲ್ಲಿ ಏನನ್ನು ನೋಡಬೇಕು, ಏನನ್ನು ಮುಟ್ಟಕೂಡದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹಳ್ಳಿಯಲ್ಲಿ ಗಾಡಿಯುಳ್ಳ ಮನೆಯೆಂದರೆ ಅದು ಆ ಮನೆಯವರ ಉಪಯೋಗಕ್ಕೆ ಮಾತ್ರ ಇರುವುದಲ್ಲವೆಂಬುದನ್ನು ಗ್ರಾಮದ ಮುಖಂಡರಿಗೆ ಹೇಳಬೇಕಾದುದಿಲ್ಲ. ೨೦೦೮ರಿಂದ ನಮ್ಮ ರಾಜ್ಯದಲ್ಲಿ ೧೦೮ರ ಗಾಡಿಯ ಸೌಕರ್ಯವಿದ್ದರೂ, ಅದು ಬರುವವರೆಗೆ ಕಾಯಲಾಗದ ಸಂದರ್ಭಗಳಲ್ಲಿ ಹಾವು ಕಡಿದವನನ್ನೂ ಹೆರಿಗೆಯ ನೋವಿನವಳನ್ನೂ ಸಾಗಿಸುವುದು ಇಂತಹ ಮನೆಯ ಗಾಡಿಯೇ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಿನಲ್ಲಿ, ಹಿರಿಯೂರು ತಾಲ್ಲೂಕಿನ ಒಂದು ಗ್ರಾಮಕ್ಕೆ ಈ ಲೇಖಕನು ಹೋಗಿದ್ದನು. ಇಳಿದುಕೊಂಡಿದ್ದ ಮನೆಯ ಯಜಮಾನರಲ್ಲಿ ಒಂದು ಹಳೆಯ ಪೆಟ್ರೋಲು ಜೀಪು ಇದ್ದಿತು. ಮಧ್ಯಾಹ್ನ ಕೂಲಿಯವರ ಮನೆಯ ಹೆಣ್ಣುಮಗಳೊಬ್ಬಳಿಗೆ ನೋವು ಕಾಣಿಸಿಕೊಂಡುದರಿಂದ ಅವಳನ್ನೂ ಅವಳ ತಾಯಿಯನ್ನೂ ಕೂರಿಸಿಕೊಂಡು ಪಟ್ಟಣದ ಕಡೆಗೆ ಹೊರಟೆವು. ದಾರಿಯಲ್ಲಿ ಪೆಟ್ರೋಲು ಹಾಕಿಸಲು ನಿಲ್ಲಿಸಿದೆವು. ಮುಂದೆ ಜನರಿದ್ದುದರಿಂದ ಹತ್ತು ನಿಮಿಷವಾಯಿತು. ಆಮೇಲೆ ಜೀಪು ಹೊರಡಲಿಲ್ಲ. ಸೆಲ್ಫು ಚೆನ್ನಾಗಿಯೇ ತಿರುಗುತ್ತಿದ್ದಿತು, ಯಂತ್ರವು ಒಮ್ಮೆಯೂ ಕೆಮ್ಮಲಿಲ್ಲ. ನಾಲ್ಕು ಮಂದಿ ಯುವಕರು ಬಂದು ಬೆವರು ಸುರಿಸಿಕೊಂಡು ಒಂದು ಫರ್ಲಾಂಗು ತಳ್ಳಿದರು, ಫಲವಿಲ್ಲವಾಯಿತು. ಹಾಲು ಸಾಗಿಸುವ ಗಾಡಿಯೊಂದು ದೇವರ ದಯೆಯಿಂದ ಆ ದಾರಿಯಲ್ಲಿ ಬಂದುದರಿಂದ ತಾಯಿಯೂ ಮಗುವೂ ಉಳಿದರು. ನಾವು ಬೇವಿನ ನೆರಳಿನಲ್ಲಿ ಕುಳಿತಿದ್ದು, ಮುಕ್ಕಾಲು ಘಂಟೆಯ ಮೇಲೆ ಸುಮ್ಮನೆ ಕೀಲಿ ತಿರುಗಿಸಿದರೆ ಜೀಪು ಒಂದೇ ಸಲಕ್ಕೆ ಹೊರಟಿತು.

ಆ ಮೇಲಿನ ಮೂರು ತಿಂಗಳಲ್ಲಿ ಯಜಮಾನರು ಪ್ಲಗ್ಗುಗಳನ್ನು ಬದಲಾಯಿಸಿದರು; ಕಾರ್ಬ್ಯುರೇಟರನ್ನು ಎರಡು ಸಲ ತೊಳೆಯಿಸಿದರು; ಹೊಸ ಬ್ಯಾಟರಿಯನ್ನೂ ಹಾಕಿಸಿದರು. ಜೀಪು ಮಾತ್ರ ತನ್ನ ಚಾಳಿಯನ್ನು ಬಿಡಲಿಲ್ಲ. ಈ ವೆಚ್ಚವೆಲ್ಲವೂ ವ್ಯರ್ಥವಾಗುವುದೆಂಬುದು ಮೊದಲನೆಯ ದಿನವೇ ತಿಳಿಯುವಂತಿದ್ದಿತು. ಏಕೆಂದರೆ ಸೆಲ್ಫು ಚೆನ್ನಾಗಿ ತಿರುಗುತ್ತಿದ್ದುದರಿಂದ ಬ್ಯಾಟರಿಯ ದೋಷವಲ್ಲವೆಂಬುದು ಸ್ಪಷ್ಟ. ಹಾಗೆ ವಿಚಾರಮಾಡುವ ಕ್ರಮವೊಂದು ಅಂದು ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಿಂತ ಮೇಲೆಯೇ ಹೆಚ್ಚು ಬಿಸಿ

ಓಡುತ್ತಿರುವಾಗ ಬಿಸಿಯಿದ್ದು, ನಿಂತ ಕೂಡಲೆ ತಣ್ಣಗಾಗತೊಡಗುವುದೆಂದು ಎಲ್ಲರೂ ಭಾವಿಸುವರು. ನಿಜಸ್ಥಿತಿಯು ಬೇರೆ. ಗಾಡಿಯು ಓಡುತ್ತಿರುವವರೆಗೆ ನೀರಿನ ಪಂಪು ನೀರನ್ನು ಸುತ್ತಾಡಿಸುತ್ತಿರುವುದು, ಫ್ಯಾನೂ ಎದುರುಗಾಳಿಯೂ ಶಾಖವನ್ನು ಒಯ್ಯುತ್ತಿರುವುವು. ಯಂತ್ರವನ್ನು ನಿಲ್ಲಿಸಿದೊಡನೆ ಇವೆಲ್ಲವೂ ನಿಲ್ಲುವುವು. ಆದರೆ ಕಬ್ಬಿಣದ ರಾಶಿಯಲ್ಲಿ ಸೇರಿರುವ ಶಾಖವು ಎಲ್ಲಿಗೂ ಹೋಗಿರುವುದಿಲ್ಲ. ಅದು ಮೆಲ್ಲಮೆಲ್ಲನೆ ಮೇಲಕ್ಕೆ ಬಂದು ಬಾನೆಟ್ಟಿನ ಕೆಳಗಿರುವ ಪಂಪು, ಕೊಳವೆ, ಕಾಯಿಲ್, ಸೆಲ್ಫು ಮೊದಲಾದ ಭಾಗಗಳನ್ನೆಲ್ಲಾ ಕಾಯಿಸುವುದು. ಒಲೆಯ ಬೆಂಕಿಯನ್ನು ಆರಿಸಿದ ಮೇಲೆಯೂ ಮುಚ್ಚಿದ ಪಾತ್ರೆಯಲ್ಲಿ ಅನ್ನವು ಬೇಯುತ್ತಲೇ ಇರುವಂತೆ ಇದು. ನಿಂತ ಮೇಲೆ ಸುಮಾರು ಹತ್ತರಿಂದ ಇಪ್ಪತ್ತು ನಿಮಿಷಗಳವರೆಗೆ ಈ ಭಾಗಗಳ ಉಷ್ಣತೆಯು ಏರುತ್ತಿದ್ದು, ಅನಂತರ ಇಳಿಯುವುದು. ಎರಡೇ ನಿಮಿಷ ನಿಂತ ಗಾಡಿಯು ಹೊರಡುವುದಕ್ಕೂ, ಕಾಲು ಘಂಟೆ ನಿಂತದ್ದು ಹೊರಡದಿರುವುದಕ್ಕೂ, ಒಂದು ಘಂಟೆ ನಿಂತದ್ದು ಮತ್ತೆ ಹೊರಡುವುದಕ್ಕೂ ಇದೇ ಕಾರಣ. ಕಲಬುರಗಿ ರಾಯಚೂರುಗಳ ಬೇಸಗೆಯಲ್ಲಿಯೂ, ಚಾರ್ಮಾಡಿಯಂತಹ ಘಾಟಿಯನ್ನು ಕೆಳಗಿನ ಗೇರಿನಲ್ಲಿ ಏರಿ ಮೇಲೆ ಚಹಾಕ್ಕೆಂದು ನಿಲ್ಲಿಸಿದಾಗಲೂ ಈ ತೊಂದರೆಯು ಹೆಚ್ಚಾಗಿ ಕಾಣುವುದು ಇದರಿಂದಲೇ.

ಗಾಡಿಯು ಹೊರಡದಿದ್ದಾಗ ಮೊದಲು ಮಾಡತಕ್ಕ ಕೆಲಸವೆಂದರೆ ಸುಮ್ಮನಿರುವುದು. ಸಿಟ್ಟಿನಿಂದ ಕೀಲಿಯನ್ನು ಹಿಡಿದು ನಿಮಿಷಗಟ್ಟಳೆ ತಿರುಗಿಸುತ್ತಾ ಹೋದರೆ ಒಂದು ದೋಷದ ಜೊತೆಗೆ ಬ್ಯಾಟರಿ ಇಳಿದ ಎರಡನೆಯ ದೋಷವೂ ಸೇರಿಕೊಂಡು ಮೂಲಕಾರಣವು ಮರೆಯಾಗುವುದು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಕೂಡದು. ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡತಕ್ಕದ್ದು. ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಕೈಬ್ರೇಕನ್ನು ಎಳೆದು, ಬಾನೆಟ್ಟನ್ನು ತೆರೆದಿಟ್ಟು, ಮೊದಲನೆಯ ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಸೆಲ್ಫು ತಿರುಗುತ್ತಿದೆಯೋ ಇಲ್ಲವೋ? ಉಳಿದ ಪರೀಕ್ಷೆಗಳೆಲ್ಲಾ ಈ ಪ್ರಶ್ನೆಯ ಉತ್ತರವನ್ನು ಅನುಸರಿಸಿರುವುವು.

ಸೆಲ್ಫು ತಿರುಗದಿದ್ದರೆ

ಬ್ಯಾಟರಿಯ ಶಕ್ತಿಯಿಂದ ಯಂತ್ರವನ್ನು ತಿರುಗಿಸುವ ಸೆಲ್ಫು ೧೯೧೨ನೆಯ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಳಕೆಗೆ ಬಂದಿತು. ಅದನ್ನು ರೂಪಿಸಿದ ಚಾರ್ಲ್ಸ್ ಕೆಟರಿಂಗ್ ಎಂಬವರು ಅಮೆರಿಕದ ಒಹಾಯೋ ಪ್ರಾಂತದ ಬೇಸಾಯಗಾರರ ಮನೆಯಲ್ಲಿ ಹುಟ್ಟಿದವರು. ಅದಕ್ಕೆ ಮೊದಲು ಕೈಯಿಂದ ಹ್ಯಾಂಡಲು ತಿರುಗಿಸಬೇಕಾಗಿದ್ದು, ಅದು ಹಿಂದಕ್ಕೆ ಒದೆದು ಮಣಿಕಟ್ಟು ಮುರಿದುಕೊಂಡವರು ಬಹುಮಂದಿ.

ಸೆಲ್ಫು ಸ್ವಲ್ಪವೂ ತಿರುಗದಿದ್ದರೆ, ಇಲ್ಲವೆ ದಣಿದ ಎತ್ತಿನಂತೆ ನಿಧಾನವಾಗಿ ತಿರುಗಿದರೆ, ಪೆಟ್ರೋಲು, ಪ್ಲಗ್ಗುಗಳ ತಂಟೆಗೆ ಹೋಗಬೇಕಾದುದಿಲ್ಲ. ಮುಂದಿನ ದೀಪಗಳನ್ನು ಹತ್ತಿಸಿ ಒಬ್ಬರು ಎದುರಿಗೆ ನಿಲ್ಲಲಿ, ಇನ್ನೊಬ್ಬರು ಕೀಲಿಯನ್ನು ತಿರುಗಿಸಲಿ. ದೀಪಗಳು ಆರಿಹೋಗುವಷ್ಟು ಮಂಕಾದರೆ ಬ್ಯಾಟರಿಯಲ್ಲಿ ಶಕ್ತಿಯಿಲ್ಲ, ಅಥವಾ ಅದರ ಕೊಂಡಿಗಳು ಸಡಿಲವಾಗಿವೆ, ಅಥವಾ ಸೆಲ್ಫು ಒಳಗೆ ಬಿಗಿದುಕೊಂಡಿದೆ. ದೀಪಗಳು ಹಾಗೆಯೇ ಉರಿಯುತ್ತಿದ್ದು ‘ಟಕ್’ ಎಂಬ ಒಂದು ಸದ್ದು ಮಾತ್ರ ಕೇಳಿಸಿದರೆ ಶಕ್ತಿಯು ಸೆಲ್ಫಿನವರೆಗೆ ಬಂದು ಒಳಗೆ ಹೋಗುತ್ತಿಲ್ಲ. ಅದರ ಸೊಲೆನಾಯಿಡ್ಡನ್ನೋ ಕಾರ್ಬನ್ ಬ್ರಷ್ಷುಗಳನ್ನೋ ನೋಡಬೇಕು. ಆ ಸಮಯದಲ್ಲಿ ಸೆಲ್ಫಿನ ಮೈಯನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿದೊಡನೆ ತಿರುಗಿದರೆ ಬ್ರಷ್ಷುಗಳು ಸವೆದಿವೆಯೆಂದು ಬಹುಮಟ್ಟಿಗೆ ನಿರ್ಧರಿಸಬಹುದು.

ಬೆಳಿಗ್ಗೆ ತಿರುಗುವ ಸೆಲ್ಫು ಬಿಸಿಯಲ್ಲಿ ಏಕೆ ತಿರುಗದು? ತಾಮ್ರದ ತಂತಿಯು ೫೦ ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಕಾದರೆ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ಅಡ್ಡಿಯು ಸುಮಾರು ಐದರಲ್ಲೊಂದು ಭಾಗ ಹೆಚ್ಚುವುದು. ಹೊಸ ಸೆಲ್ಫಿಗೆ ಇದು ಲೆಕ್ಕವಿಲ್ಲ. ಬುಷ್ ಸವೆದು, ಕೊಂಡಿಗಳು ಕಿಲುಬು ಹಿಡಿದು, ಆಗಲೇ ಅಂಚಿನಲ್ಲಿರುವ ಗಾಡಿಗೆ ಈ ಐದನೆಯ ಒಂದು ಭಾಗವೇ ಹೆಚ್ಚಾಗುವುದು. ಸೈಲೆನ್ಸರಿನ ಕೊಳವೆಗೆ ತೀರ ಸಮೀಪದಲ್ಲಿ ಸೆಲ್ಫನ್ನು ಕೂರಿಸಿರುವ ಗಾಡಿಗಳಲ್ಲಿ ನಡುವೆ ತಗಡಿನ ಮರೆಯೊಂದು ಇರುವುದುಂಟು. ಹಿಂದಿನ ರಿಪೇರಿಯಲ್ಲಿ ಅದನ್ನು ಬಿಚ್ಚಿ ಮರಳಿ ಹಾಕದೆ ಬಿಟ್ಟಿದ್ದಾರೆಯೇ ಎಂದು ವಿಚಾರಿಸುವುದು ಒಳ್ಳೆಯದು. ಹಳೆಯ ಗಾಡಿಗಳಲ್ಲಿ ಕಿಡಿಯ ಕಾಲವನ್ನು ಅತಿಯಾಗಿ ಮುಂದಕ್ಕೆ ಇಟ್ಟಿದ್ದರೂ ಬಿಸಿಯಂತ್ರವು ಸೆಲ್ಫಿಗೆ ಎದುರಾಗಿ ಒದೆಯುವುದು.

ಅರ್ಥ್ ಪಟ್ಟಿಯ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ. ಏಕೆಂದರೆ ಅದನ್ನು ನೋಡುವವರೇ ವಿರಳ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಸೆಲ್ಫಿನ ಮೂಲಕ ಹಾದು ಯಂತ್ರದ ಮೈಯಿಂದ ಚಾಸಿಗೂ ಅಲ್ಲಿಂದ ಬ್ಯಾಟರಿಗೂ ಹಿಂದಿರುಗಬೇಕು. ಯಂತ್ರವು ರಬ್ಬರಿನ ಮೇಲೆ ಕುಳಿತಿರುವುದರಿಂದ, ಹೆಣೆದ ತಾಮ್ರದ ಪಟ್ಟಿಯೊಂದರಿಂದ ಅದನ್ನು ಚಾಸಿಗೆ ಜೋಡಿಸಿರುವರು. ಕೆಸರು, ಎಣ್ಣೆ, ಗೊಬ್ಬರದ ಹೇರು ಇವುಗಳಲ್ಲಿ ಹತ್ತು ವರ್ಷ ಓಡಾಡಿದ ಗಾಡಿಯಲ್ಲಿ ಈ ಪಟ್ಟಿಯ ಎಳೆಗಳು ಅರ್ಧಕ್ಕರ್ಧ ಕಡಿದುಹೋಗಿರುವುವು. ಕಾದಾಗ ಉಳಿದ ಎಳೆಗಳೂ ಸೋಲುವುವು. ಪರೀಕ್ಷೆಯು ಸುಲಭ: ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದಕ್ಕೆ ಶಕ್ತಿ ಕೊಡಲು ಬಳಸುವ ದಪ್ಪನೆಯ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಋಣ ಕೊಂಡಿಗೂ ಇನ್ನೊಂದನ್ನು ಯಂತ್ರದ ಬರಿಯ ಲೋಹಕ್ಕೂ ಹಿಡಿಸಿ ಕೀಲಿ ತಿರುಗಿಸಬೇಕು. ಸೆಲ್ಫು ಲವಲವಿಕೆಯಿಂದ ತಿರುಗಿದರೆ ದೋಷವು ಪಟ್ಟಿಯದು. ಹೊಸ ಸೆಲ್ಫನ್ನು ಕೊಳ್ಳಬೇಕಾಗಿಲ್ಲ. ಕೇಬಲ್ಲು ದೊರೆಯದಿದ್ದರೆ, ಐದಾರು ಸೆಕೆಂಡು ತಿರುಗಿಸಿ ಕೀಲಿಯನ್ನು ತೆಗೆದು ಬ್ಯಾಟರಿಯ ಕೊಂಡಿಗಳನ್ನು ಬೆರಳಿನಿಂದ ಮುಟ್ಟಿ ನೋಡಬಹುದು. ಯಾವ ಕೊಂಡಿಯು ಸುಡುವುದೋ ಅಲ್ಲಿ ಸಂಧಿಯು ಕೆಟ್ಟಿದೆ. ಹಸಿರು ಬಿಳುಪಿನ ಕಿಲುಬನ್ನು ಅಡಿಗೆ ಸೋಡ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲೀನನ್ನು ಸವರತಕ್ಕದ್ದು. ನೀರು ಬ್ಯಾಟರಿಯ ಒಳಕ್ಕೆ ಹೋಗಕೂಡದು.

ದಾರಿಯುದ್ದಕ್ಕೂ ಬ್ಯಾಟರಿಗೆ ಶಕ್ತಿ ತುಂಬಬೇಕಾದ ಆಲ್ಟರ್ನೇಟರು (ಹಳ್ಳಿಗಳಲ್ಲಿ ಇದನ್ನು ಇಂದಿಗೂ ಡೈನಮೋ ಎಂದೇ ಕರೆಯುವರು) ಕೆಲಸಮಾಡದಿದ್ದರೂ ಗಾಡಿಯು ಓಡಿದ ಮೇಲೆ ಹೊರಡುವುದಿಲ್ಲ. ಆದರೆ ಆಗ ಒಂದು ಘಂಟೆ ತಣಿದರೂ ಹೊರಡುವುದಿಲ್ಲ, ಇದೇ ಗುರುತು. ಐದಾರು ನೂರು ರೂಪಾಯಿಗಳ ಮಲ್ಟಿಮೀಟರೊಂದು ಮನೆಯಲ್ಲಿದ್ದರೆ ಪಂಪ್‌ಸೆಟ್ಟಿಗೂ ಗಾಡಿಗೂ ಆಗುವುದು. ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು ೧೨.೬ ವೋಲ್ಟನ್ನು ತೋರಿಸುವುದು. ಸೆಲ್ಫು ತಿರುಗುತ್ತಿರುವಾಗ ಅದು ೯.೬ಕ್ಕಿಂತ ಕೆಳಗಿಳಿಯಬಾರದು, ಯಂತ್ರವು ಓಡುತ್ತಿರುವಾಗ ಸಾಮಾನ್ಯವಾಗಿ ೧೩.೮ರಿಂದ ೧೪.೪ರವರೆಗೆ ಇರಬೇಕು. ಓಡುವಾಗಲೂ ೧೨ರ ಸುತ್ತಲೇ ನಿಂತಿದ್ದರೆ ಆಲ್ಟರ್ನೇಟರಿನ ಬೆಲ್ಟನ್ನು ಮೊದಲು ನೋಡಿ, ಆಮೇಲೆ ಆಲ್ಟರ್ನೇಟರನ್ನು ನೋಡಬೇಕು.

ಸೆಲ್ಫು ತಿರುಗಿಯೂ ಹೊರಡದಿದ್ದರೆ

ಹಿರಿಯೂರಿನ ಜೀಪು ಈ ಜಾತಿಗೆ ಸೇರಿದುದು. ಇಲ್ಲಿ ಕೇಳಬೇಕಾದ ಪ್ರಶ್ನೆಯು ಒಂದೇ: ಕಿಡಿಯಿಲ್ಲವೋ, ಪೆಟ್ರೋಲಿಲ್ಲವೋ? ಎರಡನ್ನೂ ಒಟ್ಟಿಗೆ ಅನುಮಾನಿಸಿ ಎರಡು ಕಡೆಯೂ ಬಿಚ್ಚತೊಡಗುವುದರಿಂದಲೇ ಹಣವು ಹೋಗುವುದು.

ಡಿಸ್ಟ್ರಿಬ್ಯೂಟರೂ ಒಂದೇ ಕಾಯಿಲ್ಲೂ ಇರುವ ಹಳೆಯ ಗಾಡಿಗಳಲ್ಲಿ ಕಿಡಿಯ ಪರೀಕ್ಷೆಗೆ ಗಾಡಿಯಲ್ಲಿ ಯಾವಾಗಲೂ ಒಂದು ಹೆಚ್ಚಿನ ಪ್ಲಗ್ಗು ಇರಬೇಕು. ಪ್ಲಗ್ಗಿನ ತಂತಿಯೊಂದನ್ನು ಕಿತ್ತು ಅದಕ್ಕೆ ಈ ಪ್ಲಗ್ಗನ್ನು ಸಿಕ್ಕಿಸಿ, ಅದರ ಲೋಹದ ಮೈಯು ಯಂತ್ರಕ್ಕೆ ಭದ್ರವಾಗಿ ತಾಗಿರುವಂತೆ, ಕಾರ್ಬ್ಯುರೇಟರಿನಿಂದ ದೂರದಲ್ಲಿ ಇರಿಸಿ, ಕೈಯನ್ನು ತೆಗೆದುಕೊಂಡು, ಇನ್ನೊಬ್ಬರಿಂದ ಕೀಲಿ ತಿರುಗಿಸಿಸಬೇಕು. ನೀಲಿಬಣ್ಣದ ಚುರುಕಾದ ಕಿಡಿಯು ಬಂದರೆ ಆ ಕಡೆ ಕುಂದಿಲ್ಲ. ಹಳದಿಯ ನಿಸ್ಸತ್ವವಾದ ಕಿಡಿಯಾಗಲಿ, ಕಿಡಿಯೇ ಇಲ್ಲದಿರುವುದಾಗಲಿ ಕಂಡರೆ ದೋಷವು ಕಾಯಿಲ್, ಕಂಡೆನ್ಸರು, ಪಾಯಿಂಟು ಇವುಗಳಲ್ಲಿ ಒಂದರದು. ಪೆಟ್ರೋಲಿನ ವಾಸನೆಯು ಬರುತ್ತಿದ್ದಾಗಲೂ, ಕೊಳವೆಯು ಸೋರುತ್ತಿದ್ದಾಗಲೂ ಈ ಪರೀಕ್ಷೆಯನ್ನು ಮಾಡಲೇಕೂಡದು.

ಕಾಯಿಲ್ಲಿನೊಳಗೆ ಕೂದಲಿನಂತಹ ತಂತಿಯ ಸಾವಿರಾರು ಸುತ್ತುಗಳಿರುವುವು. ಎಲ್ಲಿಯಾದರೂ ಒಂದು ಕಡೆ ತಂತಿಯು ಕಡಿದು ತುದಿಗಳು ತಾಗಿಕೊಂಡಿದ್ದರೆ ತಂಪಿನಲ್ಲಿ ಕೆಲಸವು ನಡೆಯುವುದು. ಕಾದು ಹಿಗ್ಗಿದಾಗ ತುದಿಗಳು ಅಗಲುವುವು, ಕಿಡಿಯು ನಿಲ್ಲುವುದು. ತಣಿದರೆ ಮತ್ತೆ ಕೂಡಿಕೊಳ್ಳುವುವು. ಕಾಯಿಲ್ ಬಿಸಿಯಾಗಿದ್ದ ಮಾತ್ರಕ್ಕೆ ಅದು ಕೆಟ್ಟಿತೆಂದು ತಿಳಿಯಕೂಡದು. ಒಳ್ಳೆಯ ಕಾಯಿಲ್ಲೂ ಸಾಕಷ್ಟು ಕಾಯುವುದು. ಪರೀಕ್ಷೆ ಮಾಡಬೇಕಾದುದು ಹೀಗೆ: ಕೀಲಿಯನ್ನು ತೆಗೆದು, ತಂತಿ ಸೇರುವ ತಲೆಯ ಭಾಗವನ್ನು ಬಿಟ್ಟು, ಕಾಯಿಲ್ಲಿನ ಮೈಗೆ ಹಿಂಡಿದ ಒದ್ದೆಬಟ್ಟೆಯನ್ನು ಸುತ್ತಿ ಐದು ನಿಮಿಷ ಬಿಡಬೇಕು. ಬೇರೆ ಯಾವ ಭಾಗವನ್ನೂ ತಣಿಸದೆ ಇದೊಂದನ್ನೇ ತಣಿಸಿದಾಗ ಕಿಡಿಯು ಮರಳಿ ಬಂದರೆ ಕಳ್ಳನು ಸಿಕ್ಕಂತೆಯೇ. ಮಲ್ಟಿಮೀಟರಿದ್ದರೆ ಬಿಸಿಯಲ್ಲೊಮ್ಮೆ ತಂಪಿನಲ್ಲೊಮ್ಮೆ ಅಳೆದು ಹೋಲಿಸಬಹುದು. ನೇರವಾಗಿ ೧೨ ವೋಲ್ಟಿಗೆ ಜೋಡಿಸುವ ಹಳೆಯ ಮಾದರಿಯ ಕಾಯಿಲ್ಲಿನ ಮೊದಲನೆಯ ಸುತ್ತು ಸುಮಾರು ೩ ಓಮ್ ತೋರಿಸುವುದು.

ಹಿರಿಯೂರಿನ ಜೀಪಿನ ದೋಷವನ್ನು ಕೊನೆಗೆ ಕಂಡುಹಿಡಿದವನು ಮೇಸ್ತ್ರಿಯಲ್ಲ, ಆ ಮನೆಯ ಟ್ರಾಕ್ಟರು ನಡೆಸುವ ಹುಡುಗ. ಹೊಲದ ಬದುವಿನಲ್ಲಿ ಜೀಪು ಕೈಕೊಟ್ಟಾಗ ತನ್ನ ತಲೆಯ ವಸ್ತ್ರವನ್ನು ಬಿಂದಿಗೆಯ ನೀರಿನಲ್ಲಿ ಅದ್ದಿ ಮೊದಲು ಪೆಟ್ರೋಲು ಪಂಪಿನ ಮೇಲೆ ಹಾಕಿದನಂತೆ, ಹೊರಡಲಿಲ್ಲ. ಆಮೇಲೆ ಕಾಯಿಲ್ಲಿಗೆ ಸುತ್ತಿದನು, ಹೊರಟಿತು. ಆತನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕೆಂಬ ಬುದ್ಧಿ ಮಾತ್ರ ಇದ್ದಿತು. ಬಿಚ್ಚಿ ನೋಡಲಾಗಿ, ಹಿಂದಿನ ವರ್ಷ ಕಾಯಿಲ್ಲನ್ನು ಬದಲಾಯಿಸಿದಾಗ, ನಡುವೆ ರೆಸಿಸ್ಟರೊಂದನ್ನಿಟ್ಟು ಜೋಡಿಸಬೇಕಾದ ಜಾತಿಯ ಕಾಯಿಲ್ಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದ್ದರೆಂದು ತಿಳಿಯಿತು. ಅಂತಹ ಕಾಯಿಲ್ಲು ಅಳತೆ ಮೀರಿ ಕಾಯದೆ ಇನ್ನೇನು ಮಾಡೀತು! ಯಂತ್ರವನ್ನು ನಿಲ್ಲಿಸಿ ಕೀಲಿಯನ್ನು ಮಾತ್ರ ತೆರೆದಿಟ್ಟು ಹಾಡು ಕೇಳುತ್ತಾ ಕೂರುವ ಅಭ್ಯಾಸವೂ ಹಳೆಯ ಪಾಯಿಂಟಿನ ಗಾಡಿಗಳಲ್ಲಿ ಕಾಯಿಲ್ಲನ್ನು ಸುಡುವುದೆಂಬುದನ್ನು ಮನೆಯ ಯುವಕರಿಗೆ ತಿಳಿಸಿರುವುದು ಲೇಸು.

ಪೆಟ್ರೋಲಿನ ಕಡೆ

ಕಿಡಿಯು ಸರಿಯಾಗಿದ್ದರೆ ಮೂಗನ್ನು ಉಪಯೋಗಿಸಬೇಕು. ಪೆಟ್ರೋಲಿನ ವಾಸನೆಯು ಗಾಢವಾಗಿ ಬರುತ್ತಿದ್ದರೆ ಯಂತ್ರದೊಳಕ್ಕೆ ಪೆಟ್ರೋಲು ಅತಿಯಾಗಿ ಹೋಗಿದೆ. ಸ್ವಲ್ಪವೂ ಬರದಿದ್ದರೆ ಹೋಗುತ್ತಲೇ ಇಲ್ಲ.

ಅತಿಯಾಗಿ ಹೋಗುವುದು ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲು ಬಿಸಿಗೆ ಕುದಿದು ಉಕ್ಕುವುದರಿಂದ. ಆಗ ಚೋಕನ್ನು ಎಳೆಯುವುದೂ ಆಕ್ಸಲರೇಟರನ್ನು ಪದೇ ಪದೇ ಒತ್ತುವುದೂ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಆಕ್ಸಲರೇಟರನ್ನು ನೆಲಮುಟ್ಟುವಂತೆ ಒಂದೇ ಸಲ ಒತ್ತಿ, ಹಾಗೆಯೇ ಹಿಡಿದು, ಎಂಟು ಹತ್ತು ಸೆಕೆಂಡು ತಿರುಗಿಸಿದರೆ ಗಾಳಿಯು ನುಗ್ಗಿ ಯಂತ್ರವು ಹೊರಡುವುದು. ಹೊರಟೊಡನೆ ಕಾಲನ್ನು ಸಡಿಲಿಸಬೇಕು. ಇದೇ ತೊಂದರೆಯು ಮರುಕಳಿಸುತ್ತಿದ್ದರೆ ಬಟ್ಟಲಿನ ಸೂಜಿಯೂ ಪೆಟ್ರೋಲಿನ ಮಟ್ಟವೂ ಸರಿಯಾಗಿವೆಯೇ, ಕಾರ್ಬ್ಯುರೇಟರಿನ ಕೆಳಗಿನ ದಪ್ಪನೆಯ ಶಾಖತಡೆಯ ಬಿಲ್ಲೆಯು ಇದೆಯೇ ಎಂದು ನೋಡಿಸತಕ್ಕದ್ದು.

ಹೋಗದೇ ಇರುವುದಕ್ಕೆ ಕಾರಣವು ಕೊಳವೆಯಲ್ಲಿ ಕಟ್ಟಿಕೊಂಡ ಆವಿ. ಹಳೆಯ ಗಾಡಿಗಳಲ್ಲಿ, ಮೇಸ್ತ್ರಿಗಳು ಎ.ಸಿ. ಪಂಪು ಎಂದು ಕರೆಯುವ ಪೆಟ್ರೋಲು ಪಂಪು ಯಂತ್ರದ ಮೈಗೇ ಅಂಟಿಕೊಂಡಿರುವುದು. ಪೆಟ್ರೋಲಿನ ಹಗುರಾದ ಅಂಶಗಳು ನಮ್ಮ ಬೇಸಗೆಯ ಬಿಸಿಲಿನಲ್ಲಿಯೇ ಆವಿಯಾಗತೊಡಗುವುವು. ಬಾನೆಟ್ಟಿನ ಕೆಳಗಿನ ಶಾಖದಲ್ಲಿ ಕೇಳುವುದೇನು? ದ್ರವವನ್ನು ನೂಕಬಲ್ಲ ಪಂಪು ಆವಿಯನ್ನು ಹಿಂಡುತ್ತಾ ಇದ್ದಲ್ಲಿಯೇ ಇರುವುದು. ಪಂಪಿಗೂ ಕೊಳವೆಗೂ ಒದ್ದೆಬಟ್ಟೆಯನ್ನು ಹಾಕಿ ಹತ್ತು ನಿಮಿಷ ಕಾಯುವುದು ತಾತ್ಕಾಲಿಕ ಪರಿಹಾರ. ಕೊಳವೆಯನ್ನು ಸೈಲೆನ್ಸರಿನಿಂದ ದೂರಕ್ಕೆ ಸರಿಸಿ ಕಟ್ಟುವುದು, ಪಂಪಿನ ಹಳೆಯ ಪೊರೆಯನ್ನು ಬದಲಾಯಿಸುವುದು, ರೇಡಿಯೇಟರನ್ನು ಶುದ್ಧಿಮಾಡಿಸುವುದು ಶಾಶ್ವತವಾದುದು. ಟ್ಯಾಂಕಿನ ಮುಚ್ಚಳವನ್ನು ತೆರೆದಾಗ ‘ಸುಯ್’ ಎಂದು ಗಾಳಿಯನ್ನು ಒಳಕ್ಕೆ ಜೋರಾಗಿ ಎಳೆದುಕೊಂಡು, ಆಮೇಲೆ ಗಾಡಿಯು ಹೊರಟರೆ, ಮುಚ್ಚಳದ ಉಸಿರುಕಂಡಿಯು ಮುಚ್ಚಿಹೋಗಿದೆಯೆಂದು ತಿಳಿಯಬೇಕು.

ಈಗಿನ ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ೨೦೨೩ನೆಯ ಫೆಬ್ರವರಿ ೬ರಂದು ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಮಂಡ್ಯ ಬೆಳಗಾವಿಗಳ ಕಬ್ಬು ಬೆಳೆಗಾರರಿಗೆ ಇದರಿಂದ ಆಗುವ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಳೆಯ ಗಾಡಿಗಳ ರಬ್ಬರು ಕೊಳವೆ, ಪೊರೆ, ಬಿರಡೆಗಳು ಎಥೆನಾಲಿಗಾಗಿ ಮಾಡಿದವುಗಳಲ್ಲ. ಅವು ಉಬ್ಬಿ ಬಿರಿಯುವುದುಂಟು. ಮಿಶ್ರಣದ ಆವಿಯಾಗುವ ಗುಣವೂ ಬೇರೆ. ಕಾರ್ಬ್ಯುರೇಟರಿನ ಗಾಡಿಯುಳ್ಳವರು ರಬ್ಬರಿನ ಭಾಗಗಳನ್ನು ವರ್ಷಕ್ಕೊಮ್ಮೆ ನೋಡಿಸಿ, ಬಿರುಕು ಕಂಡರೆ ಎಥೆನಾಲನ್ನು ತಡೆಯುವ ಜಾತಿಯವನ್ನೇ ಹಾಕಿಸುವುದು ಉತ್ತಮ.

ಕಾರ್ಬ್ಯುರೇಟರಿನ ಬಾಯಿಗೆ ಕೈಯಿಂದ ಪೆಟ್ರೋಲು ಸುರಿದು ಹೊರಡಿಸುವ ಪದ್ಧತಿಯೊಂದು ಹಳ್ಳಿಗಳಲ್ಲಿದೆ. ಬಿಸಿಯಾದ ಯಂತ್ರದ ಮೇಲೆ ಇದನ್ನು ಮಾಡುವವರು ಗಾಡಿಯನ್ನೂ ತಮ್ಮ ಮುಖವನ್ನೂ ಸುಟ್ಟುಕೊಳ್ಳುವರು. ಇದನ್ನು ಯಾರಿಗೂ ಮಾಡಗೊಡಬಾರದು. ಹಾಗೆಯೇ ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದು. ಒತ್ತಡದಲ್ಲಿರುವ ನೀರು ತೆರೆದೊಡನೆ ಕುದಿದು ಚಿಮ್ಮುವುದು. ವಿದ್ಯುತ್ ಫ್ಯಾನು ಯಂತ್ರವು ನಿಂತಿದ್ದಾಗಲೂ ತಾನಾಗಿಯೇ ತಿರುಗತೊಡಗಬಹುದಾದುದರಿಂದ ಅದರ ಬಳಿ ಕೈಯಿಡುವಾಗ ಎಚ್ಚರಿಕೆ ಬೇಕು.

ಹೊಸ ಗಾಡಿಗಳೂ ಟ್ರಾಕ್ಟರುಗಳೂ

ಈಚಿನ ಕಾರುಗಳಲ್ಲಿ ಕಾರ್ಬ್ಯುರೇಟರಿಲ್ಲ. ಪೆಟ್ರೋಲನ್ನು ಇಂಜೆಕ್ಟರುಗಳು ಎರಚುವುವು, ಅಳತೆಯನ್ನು ಗಣಕಪೆಟ್ಟಿಗೆಯು ಗೊತ್ತುಮಾಡುವುದು. ಇವುಗಳಲ್ಲಿ ಪ್ಲಗ್ಗಿನ ತಂತಿಯನ್ನು ಕಿತ್ತು ಕಿಡಿ ನೋಡುವ ಸಾಹಸವು ಬೇಡ. ಪೆಟ್ಟಿಗೆಯೂ ಕೆಡುವುದು, ಮೈಗೂ ಅಪಾಯ. ಆದರೂ ಯಜಮಾನರು ನೋಡಬಹುದಾದ ಮೂರು ಸಂಗತಿಗಳಿವೆ.

ಯಂತ್ರದ ಮುಖ್ಯ ದಂಡವು ಎಲ್ಲಿ ತಿರುಗುತ್ತಿದೆಯೆಂದು ಪೆಟ್ಟಿಗೆಗೆ ತಿಳಿಸುವ ಕ್ರ್ಯಾಂಕ್ ಸೆನ್ಸರೆಂಬ ಬೆರಳುಗಾತ್ರದ ಭಾಗವೊಂದು ಯಂತ್ರದ ಮೈಗೆ ಅಂಟಿಕೊಂಡಿರುವುದು. ಹಳೆಯ ಕಾಯಿಲ್ಲಿನಂತೆಯೇ ಇದೂ ಬಿಸಿಯಲ್ಲಿ ಮಾತ್ರ ಮೂಕವಾಗುವುದುಂಟು. ಆಗ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಸೆಲ್ಫು ತಿರುಗುತ್ತಿರುವಾಗ ಮುಂದಿನ ಫಲಕದಲ್ಲಿ ಯಂತ್ರದ ಸುತ್ತುಗಳನ್ನು ತೋರಿಸುವ ಮುಳ್ಳು ಸ್ವಲ್ಪವೂ ಅಲುಗದಿದ್ದರೆ, ಅನೇಕ ಗಾಡಿಗಳಲ್ಲಿ ಈ ಸೆನ್ಸರಿನ ಮೇಲೆಯೇ ಮೊದಲು ಸಂಶಯಪಡಬೇಕು. ಎರಡನೆಯದು, ಕೀಲಿಯನ್ನು ಅರ್ಧಕ್ಕೆ ತಿರುಗಿಸಿದಾಗ ಹಿಂದಿನ ಸೀಟಿನ ಕಡೆಯಿಂದ ಟ್ಯಾಂಕಿನೊಳಗಿನ ಪಂಪು ಎರಡು ಸೆಕೆಂಡು ಗುಂಯ್ಗುಟ್ಟುವುದು ಕೇಳಿಸಬೇಕು. ಕೇಳಿಸದಿದ್ದರೆ ಫ್ಯೂಸನ್ನೂ ರಿಲೇಯನ್ನೂ ನೋಡಿಸಬೇಕು. ಹಾರನ್ನಿನ ರಿಲೇಯು ಅದೇ ಜಾತಿಯದಾಗಿದ್ದರೆ ಅದನ್ನು ಅದಲುಬದಲು ಮಾಡಿ ನೋಡಬಹುದು. ಮೂರನೆಯದು, ಪಂಪು ಸದ್ದುಮಾಡಿಯೂ ಬಹಳ ಹೊತ್ತು ತಿರುಗಿಸಿದ ಮೇಲೆಯೇ ಹೊರಡುತ್ತಿದ್ದರೆ, ಕೀಲಿಯನ್ನು ಮೂರು ಸಲ ಅರ್ಧಕ್ಕೆ ತಿರುಗಿಸಿ ತೆಗೆದು, ನಾಲ್ಕನೆಯ ಸಲ ಪೂರ್ತಿ ತಿರುಗಿಸಿರಿ. ಆಗ ಥಟ್ಟನೆ ಹೊರಟರೆ, ನಿಂತಾಗ ಕೊಳವೆಯ ಒತ್ತಡವು ಇಳಿದುಹೋಗುತ್ತಿದೆ. ಪಂಪಿನ ಹಿಮ್ಮುಖ ತಡೆಯೋ ಸೋರುವ ಇಂಜೆಕ್ಟರೋ ಕಾರಣ. ನೀರಿನ ಬಿಸಿಯನ್ನು ಅಳೆಯುವ ಸೆನ್ಸರು ಸುಳ್ಳು ಹೇಳಿ, ಬಿಸಿಯಂತ್ರವನ್ನು ತಣ್ಣಗಿದೆಯೆಂದು ನಂಬಿಸಿದರೂ ಪೆಟ್ರೋಲು ಅತಿಯಾಗುವುದು. ಇಂತಹ ಗಾಡಿಗಳನ್ನು ತಳ್ಳಿ ಹೊರಡಿಸಲು ಹೋದರೆ ಉರಿಯದ ಪೆಟ್ರೋಲು ಹೊಗೆಕೊಳವೆಯ ಶುದ್ಧೀಕರಣ ಭಾಗಕ್ಕೆ ಸೇರಿ ಅದು ಕೆಡುವುದು. ಅದು ಬೆಲೆಬಾಳುವ ಭಾಗ.

ಡೀಸೆಲ್ ಟ್ರಾಕ್ಟರಿಗೆ ಕಿಡಿಯ ಗೊಡವೆಯಿಲ್ಲ. ಬೆಳಿಗ್ಗೆ ಹೊರಟು, ಉಳುಮೆಯ ನಡುವೆ ಊಟಕ್ಕೆ ನಿಲ್ಲಿಸಿದ ಮೇಲೆ ಹೊರಡದಿದ್ದರೆ, ಸೆಲ್ಫು ಸರಿಯಾಗಿ ತಿರುಗುತ್ತಿದ್ದ ಪಕ್ಷದಲ್ಲಿ, ರೋಟರಿ ಜಾತಿಯ ಇಂಜೆಕ್ಷನ್ ಪಂಪಿನ ಸವೆತವೇ ಸಾಮಾನ್ಯ ಕಾರಣ. ಬಿಸಿಯಲ್ಲಿ ಡೀಸೆಲ್ ತೆಳುವಾಗಿ ಸವೆದ ಸಂದಿಗಳಲ್ಲಿ ನುಸುಳಿಹೋಗುವುದರಿಂದ ಒತ್ತಡವು ಸಾಲದೆ ಬರುವುದು. ಯಂತ್ರವು ನಿಂತಿರುವಾಗ ಒದ್ದೆಬಟ್ಟೆಯನ್ನು ಪಂಪಿನ ಮೇಲೆ ಹಾಕಿ ಮೆಲ್ಲಗೆ ತಣಿಸಿದರೆ ಹೊರಡುವುದು. ಅದೇ ಸವೆತದ ಸಾಕ್ಷಿ. ಕೊಡದಿಂದ ತಣ್ಣೀರನ್ನು ಸುರಿಯಕೂಡದು. ಹೊರಭಾಗವು ಥಟ್ಟನೆ ಕುಗ್ಗಿ ಒಳಗಿನ ಭಾಗವನ್ನು ಹಿಡಿದು ಪಂಪೇ ಹಾಳಾಗುವುದು. ಕವಾಟಗಳ ಸಂದಿಯನ್ನು ಬಿಗಿಯಾಗಿ ಇಟ್ಟಿದ್ದರೆ ಅವು ಕಾದು ಹಿಗ್ಗಿ ಪೂರ್ತಿ ಮುಚ್ಚಿಕೊಳ್ಳದೆ ಹೋಗುವುದೂ ಉಂಟು. ಇದು ಪೆಟ್ರೋಲು ಯಂತ್ರಕ್ಕೂ ಸಲ್ಲುವ ಮಾತು.

ಮೇಸ್ತ್ರಿಗಳಿಗೆ ಒಪ್ಪಿಸುವಾಗ

ಗಾಡಿಯ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನಿಟ್ಟು, ಹೊರಡದಿದ್ದ ಪ್ರತಿಯೊಂದು ಸಲವೂ ಬರೆಯತಕ್ಕದ್ದು: ಎಷ್ಟು ದೂರ ಓಡಿತ್ತು, ಎಷ್ಟು ನಿಮಿಷ ನಿಂತಿತ್ತು, ಸೆಲ್ಫು ಹೇಗೆ ತಿರುಗಿತು, ವಾಸನೆಯಿತ್ತೇ, ಕಿಡಿಯಿತ್ತೇ, ಯಾವುದನ್ನು ತಣಿಸಿದಾಗ ಹೊರಟಿತು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು. ಮೂರು ಸಲದ ಬರೆಹವು ಕೈಯಲ್ಲಿದ್ದರೆ ‘ಒಮ್ಮೊಮ್ಮೆ ಹೊರಡುವುದಿಲ್ಲ’ ಎಂಬ ಅಸ್ಪಷ್ಟವಾದ ದೂರಿಗೂ ‘ನಿಂತು ಹದಿನೈದು ನಿಮಿಷವಾದ ಮೇಲೆ ಕಿಡಿಯಿಲ್ಲ’ ಎಂಬ ಸ್ಪಷ್ಟವಾದ ಮಾತಿಗೂ ಇರುವ ವ್ಯತ್ಯಾಸವು ಬಿಲ್ಲಿನಲ್ಲಿಯೇ ಕಾಣುವುದು. ಗಾಡಿಯನ್ನು ರಾತ್ರಿ ಬಿಟ್ಟುಬಂದು ಬೆಳಿಗ್ಗೆ ನೋಡಿರೆಂದು ಹೇಳುವುದರಿಂದ ಪ್ರಯೋಜನವಿಲ್ಲ. ಮೇಸ್ತ್ರಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಅವರ ಅಂಗಳದಲ್ಲಿಯೇ ನಿಲ್ಲಿಸಿ, ಚಹಾ ಕುಡಿದು, ಅವರ ಕೈಯಿಂದಲೇ ಕೀಲಿ ತಿರುಗಿಸಿಸಬೇಕು. ದೋಷವನ್ನು ಕಣ್ಣಾರೆ ಕಾಣದೆ ಭಾಗಗಳನ್ನು ಬದಲಾಯಿಸೋಣವೆಂ‌ದು ಹೇಳಿದರೆ, ಯಾವ ಪರೀಕ್ಷೆಯಿಂದ ಆ ನಿರ್ಧಾರಕ್ಕೆ ಬಂದಿರೆಂದು ವಿನಯದಿಂದ ಕೇಳುವ ಹಕ್ಕು ಹಣ ಕೊಡುವವರಿಗೆ ಇದೆ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ತರುವುದನ್ನೂ ಮರೆಯಕೂಡದು.

ಹಿರಿಯೂರು ತಾಲ್ಲೂಕಿನ ಆ ಜೀಪಿಗೆ ಸರಿಯಾದ ಜಾತಿಯ ಕಾಯಿಲ್ಲನ್ನು ಹಾಕಿಸಿ, ಅದನ್ನು ಯಂತ್ರದ ಮೈಯಿಂದ ಬಿಡಿಸಿ ಗಾಳಿಯಾಡುವ ಪಕ್ಕದ ತಗಡಿಗೆ ಕೂರಿಸಿದರು. ಇನ್ನೊಂದು ಕಾಯಿಲ್ಲು, ಒಂದು ಪ್ಲಗ್ಗು, ಒಂದು ಸ್ಪಾನರು, ಒಂದು ಹಳೆಯ ಪಂಚೆಯ ತುಂಡು, ಎರಡು ಸೀಸೆ ನೀರು ಇಷ್ಟನ್ನು ಗೋಣಿಚೀಲದಲ್ಲಿ ಸುತ್ತಿ ಹಿಂದಿನ ಸೀಟಿನ ಕೆಳಗೆ ಕಟ್ಟಿದ್ದಾರೆ. ಕಾಯಿಲ್ಲನ್ನು ಬದಲಾಯಿಸಲು ಟ್ರಾಕ್ಟರಿನ ಹುಡುಗನಿಗೆ ಹತ್ತು ನಿಮಿಷ ಸಾಕಂತೆ; ಯಜಮಾನರ ಸೊಸೆಯೂ ಅದನ್ನು ಕಲಿತಿರುವರು.